ಇಂಜೆಕ್ಷನ್ ಹಾಕಿಸಿಕೊಂಡು ಆರು ವಾರವಾದರೂ ಕಾಲಿನ ನೋವು ಹೋಗಿಲ್ಲ. ಅರೆತಲೆನೋವಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲವೇ?

ಕಲ್ಪತರುನಾಡಿನವಳು:

ಎಲ್ಲರಿಗೂ ನಮಸ್ಕಾರ. ನಾನು ತಿಪಟೂರು ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಗಣಿತ ಪಾಠ ಮಾಡುತ್ತೇನೆ, ವಯಸ್ಸು 38. ಹನ್ನೊಂದು ವರ್ಷಗಳಿಂದ ಅರೆತಲೆನೋವು ಇದೆ. ಬಲಗಣ್ಣಿನ ಹಿಂದೆ ಸಣ್ಣಗೆ ಶುರುವಾಗಿ ಅರ್ಧ ಗಂಟೆಯೊಳಗೆ ತಲೆಯ ಬಲಭಾಗವೆಲ್ಲ ನಗಾರಿಯಂತೆ ಬಡಿಯತೊಡಗುತ್ತದೆ. ಬೆಳಕು ಸಹಿಸಲಾಗುವುದಿಲ್ಲ, ಒಗ್ಗರಣೆಯ ವಾಸನೆ ಬಂದರೂ ಹೊಟ್ಟೆ ತೊಳೆಸುತ್ತದೆ. ಮಾತ್ರೆಗೆ ನೋವು ಬಗ್ಗದ ದಿನ ಊರಿನ ಕ್ಲಿನಿಕ್ಕಿಗೆ ಹೋಗಿ ಇಂಜೆಕ್ಷನ್ ಹಾಕಿಸಿಕೊಂಡು ಬಂದು, ಕಿಟಕಿ ಮುಚ್ಚಿ ಮಲಗುವುದು ಇಷ್ಟು ವರ್ಷಗಳ ರೂಢಿ.

ಆರು ವಾರಗಳ ಹಿಂದೆಯೂ ಹಾಗೆಯೇ ಹೋಗಿದ್ದೆ. ನಿಂತಲ್ಲೇ, ಸೀರೆಯನ್ನು ಸ್ವಲ್ಪ ಸಡಿಲಿಸಿ, ಎಡ ಸೊಂಟದ ಕೆಳಗೆ ಚುಚ್ಚಿದರು. ಔಷಧಿ ಒಳಗೆ ಹೋಗುತ್ತಿರುವಾಗಲೇ ಕರೆಂಟ್ ಹೊಡೆದಂತೆ ನೋವೊಂದು ತೊಡೆಯ ಹಿಂಭಾಗದಿಂದ ಪಾದದವರೆಗೆ ಹರಿಯಿತು. ನಾನು ಕೂಗಿಕೊಂಡೆ. ‘ಈ ಔಷಧಿ ಸ್ವಲ್ಪ ಉರಿಯುತ್ತದೆ, ಉಜ್ಜಿಕೊಳ್ಳಿ ಮೇಡಂ’ ಎಂದು ಹತ್ತಿ ಕೊಟ್ಟರು. ತಲೆನೋವು ಅಂದೇ ಇಳಿಯಿತು; ಕಾಲಿನದು ಇಂದಿಗೂ ಇಳಿದಿಲ್ಲ. ಮೀನಖಂಡದ ಹೊರಬದಿಯಲ್ಲಿ ಉರಿ, ಪಾದದ ಮೇಲೆ ಜೋಮು, ರಾತ್ರಿ ಹೊದಿಕೆ ತಾಗಿದರೂ ಚುಳ್ಳೆನ್ನುವ ನೋವು. ಇನ್ನೊಂದು ವಿಷಯವನ್ನು ಹೇಳಲು ನನಗೇ ನಗು ಬರುತ್ತದೆ: ನಡೆಯುವಾಗ ಎಡಗಾಲಿನ ಚಪ್ಪಲಿ ನನಗೆ ಗೊತ್ತಾಗದಂತೆ ಕಳಚಿ ಹಿಂದೆ ಉಳಿಯುತ್ತದೆ. ಮಕ್ಕಳು ತಂದುಕೊಡುತ್ತಾರೆ.

ನನ್ನ ಪ್ರಶ್ನೆ ಎರಡು. ಈ ನೋವು ತಾನಾಗಿ ಹೋಗುವುದೇ, ಕಾಯಬಹುದೇ? ಮತ್ತೆ ತಲೆನೋವು ಬಂದಾಗ ಇನ್ನು ನಾನೇನು ಮಾಡಬೇಕು? ಆ ಸೂಜಿಯನ್ನು ನೆನೆದರೆ ಈಗ ಕೈ ತಣ್ಣಗಾಗುತ್ತದೆ.

ಧಾರವಾಡದ ಸಿಸ್ಟರ್:

ಮೇಡಂ, ನಾನು ಸರ್ಕಾರಿ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಶುಶ್ರೂಷಕಿಯಾಗಿದ್ದು ನಿವೃತ್ತಳಾದವಳು. ನೀವು ನಗು ಬರುತ್ತದೆ ಎಂದು ಬರೆದ ಚಪ್ಪಲಿಯ ವಿಷಯವೇ ನಿಮ್ಮ ಬರಹದಲ್ಲಿ ಎಲ್ಲಕ್ಕಿಂತ ಮುಖ್ಯವಾದುದು. ಪಾದವನ್ನು ಮೇಲೆತ್ತುವ ಸ್ನಾಯು ಸೋತಾಗ ಚಪ್ಪಲಿ ಹಾಗೆ ಕಳಚುತ್ತದೆ. ಇದು ಬರೀ ಸೂಜಿ ಚುಚ್ಚಿದ ಜಾಗದ ನೋವಲ್ಲ.

ಸಾಮಾನ್ಯವಾಗಿ ಸೂಜಿಯ ನೋವು ಎರಡು ಮೂರು ದಿನಗಳಲ್ಲಿ ಕರಗುತ್ತದೆ. ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ ಅಥವಾ ಗಂಟಾಗಿದ್ದರೆ ಕೆಲವು ವಾರ ಹಿಡಿಯಬಹುದು, ಆದರೆ ಅಂತಹ ನೋವು ಚುಚ್ಚಿದ ಜಾಗದಲ್ಲೇ ಇರುತ್ತದೆ, ಒತ್ತಿದರೆ ಹೆಚ್ಚಾಗುತ್ತದೆ. ಚುಚ್ಚಿದ ಕ್ಷಣದಲ್ಲೇ ಕಾಲಿನುದ್ದಕ್ಕೂ ಇಳಿಯುವ ನೋವು ಬೇರೆ ಜಾತಿಯದು. ಪೃಷ್ಠದ ಸ್ನಾಯುವಿನ ಅಡಿಯಲ್ಲಿ ಸಯಾಟಿಕ್ ನರ ಹಾದುಹೋಗುತ್ತದೆ. ದಪ್ಪದಲ್ಲಿ ನಮ್ಮ ಹೆಬ್ಬೆರಳಿನಷ್ಟಿರುವ ಆ ನರಕ್ಕೆ ಸೂಜಿ ತಗುಲಿದರೂ, ಪಕ್ಕದಲ್ಲೇ ಔಷಧಿ ಬಿದ್ದರೂ ಹಾನಿಯಾಗುತ್ತದೆ.

ಪೃಷ್ಠವನ್ನು ಮನಸ್ಸಿನಲ್ಲೇ ನಾಲ್ಕು ಭಾಗ ಮಾಡಿ ಮೇಲಿನ ಹೊರಭಾಗದಲ್ಲಿ ಮಾತ್ರ ಚುಚ್ಚಬೇಕು ಎಂದು ನಮಗೆ ಕಲಿಸುತ್ತಿದ್ದರು. ರೋಗಿಯನ್ನು ಬೋರಲಾಗಿ ಮಲಗಿಸಿ, ಕಾಲ್ಬೆರಳುಗಳನ್ನು ಒಳಮುಖ ಮಾಡಿಸಿದರೆ ಸ್ನಾಯು ಸಡಿಲವಾಗುತ್ತದೆ. ನಿಂತಿರುವ ಹೆಣ್ಣುಮಗಳ ಸೀರೆಯ ಅಂಚನ್ನು ನಾಲ್ಕು ಬೆರಳಷ್ಟು ಸರಿಸಿ ಅಂದಾಜಿನಲ್ಲಿ ಚುಚ್ಚುವವರಿಗೆ ಯಾವ ಭಾಗ ಎಲ್ಲಿದೆಯೆಂದು ಹೇಗೆ ತಿಳಿಯಬೇಕು? ಸಂಕೋಚ ಇಬ್ಬರದೂ ಇರುತ್ತದೆ. ಕಾಲು ಮಾತ್ರ ರೋಗಿಯದು. ಪರದೆ ಇಲ್ಲದ ಕೋಣೆಯಲ್ಲಿ ಸೊಂಟಕ್ಕೆ ಇಂಜೆಕ್ಷನ್ ಕೊಡಬಾರದು ಎಂದು ನಾನು ಕಿರಿಯರಿಗೆ ಹೇಳುತ್ತಲೇ ಬಂದೆ, ಕೇಳಿದವರು ಕಡಿಮೆ.

ಯಾವ ಔಷಧಿ, ಎಷ್ಟು ಮಿಲಿ ಕೊಟ್ಟರೆಂದು ಕ್ಲಿನಿಕ್ಕಿನಲ್ಲಿ ಬರೆಸಿಕೊಳ್ಳಿ. ಆ ಕಾಗದವಿಲ್ಲದೆ ಮುಂದಿನ ವೈದ್ಯರಿಗೂ ಊಹೆಯೇ ಗತಿ. ಜಗಳಕ್ಕೆ ಹೋಗಬೇಡಿ, ಚೀಟಿ ಕೇಳಿ.

ಹಳೆಮೈಸೂರು:

ತಾಯಿ, ಅರೆತಲೆನೋವಿಗೆ ಮೂಲ ಪಿತ್ತ. ವಾಂತಿಯಾದ ಮೇಲೆ ನೋವು ಇಳಿಯುತ್ತದೆ ಎಂಬುದೇ ಇದಕ್ಕೆ ಸಾಕ್ಷಿ. ನಮ್ಮ ಮನೆಯಲ್ಲಿ ಹಸಿ ಶುಂಠಿ, ಜೀರಿಗೆ ಕಷಾಯದಿಂದಲೇ ಸರಿಹೋಗಿದೆ. ಕಾಲಿಗೆ ಬೆಚ್ಚಗಿನ ಎಳ್ಳೆಣ್ಣೆ ತಿಕ್ಕಿಸಿ, ಬಿಸಿನೀರಿನ ಶಾಖ ಕೊಡಿ. ಎಲ್ಲದಕ್ಕೂ ಪರೀಕ್ಷೆ ಎಂದು ಹೊರಟರೆ ಹಣ ಹಾಳು.

ನರವಿಭಾಗದ ವಿದ್ಯಾರ್ಥಿ:

ನಾನು ನರರೋಗ ವಿಭಾಗದಲ್ಲಿ ಉನ್ನತ ವ್ಯಾಸಂಗ ಮಾಡುತ್ತಿರುವ ವೈದ್ಯ. ಇಲ್ಲಿ ಬರೆಯುವುದನ್ನು ಯಾರೂ ಔಷಧಿ ಚೀಟಿಯೆಂದು ಭಾವಿಸಬಾರದು.

ಹಳೆಮೈಸೂರಿನವರಿಗೆ ಮೊದಲ ಮಾತು. ಜೋಮು ಹಿಡಿದ ಪಾದಕ್ಕೆ ಬಿಸಿನೀರಿನ ಶಾಖವನ್ನು ದಯವಿಟ್ಟು ಸೂಚಿಸಬೇಡಿ. ಸ್ಪರ್ಶ ತಿಳಿಯದ ಚರ್ಮಕ್ಕೆ ಬಿಸಿಯೂ ತಿಳಿಯುವುದಿಲ್ಲ. ಬೊಬ್ಬೆ ಎದ್ದ ಮೇಲೆ ನಮ್ಮಲ್ಲಿಗೆ ಬರುವವರಿದ್ದಾರೆ. ವಾಂತಿಯ ವಿಷಯದಲ್ಲಿ ನೀವು ಗಮನಿಸಿರುವುದು ನಿಜ, ಆದರೆ ಕಾರಣ ತಿರುಗುಮುರುಗಾಗಿದೆ. ಅರೆತಲೆನೋವು ಮಿದುಳಿನಲ್ಲಿ ಆರಂಭವಾಗಿ, ಆ ಸಮಯದಲ್ಲಿ ಜಠರದ ಚಲನೆಯನ್ನು ಮಂದಗೊಳಿಸುತ್ತದೆ. ತಡವಾಗಿ ನುಂಗಿದ ಮಾತ್ರೆ ಕೆಲಸ ಮಾಡದಿರುವುದಕ್ಕೂ ಇದೇ ಕಾರಣ: ಅದು ಹೊಟ್ಟೆಯಲ್ಲೇ ಕುಳಿತಿರುತ್ತದೆ. ವಾಕರಿಕೆ ತಡೆಯುವ ಮೆಟೊಕ್ಲೋಪ್ರಮೈಡ್ ಅಥವಾ ಡೊಂಪೆರಿಡೋನ್ ಅನ್ನು ನೋವಿನ ಮಾತ್ರೆಯ ಜೊತೆಗೆ ಬರೆಯುವುದು ಇದಕ್ಕಾಗಿಯೇ. ಶುಂಠಿ ಕಷಾಯ ಕುಡಿಯಲಿ, ಅಡ್ಡಿಯಿಲ್ಲ.

ಮೇಡಂ, ನಿಮ್ಮ ವಿವರಣೆ ಸಯಾಟಿಕ್ ನರದ ಹೊರಬದಿಯ ಎಳೆಗಳಿಗೆ, ಅಂದರೆ ಮುಂದೆ ಮಂಡಿಯ ಹೊರಬದಿಯಿಂದ ಪಾದಕ್ಕೆ ಹೋಗುವ ಪೆರೋನಿಯಲ್ ಭಾಗಕ್ಕೆ ಪೆಟ್ಟಾದಂತೆ ಕಾಣುತ್ತದೆ. ಸೂಜಿಯಿಂದ ಹೆಚ್ಚಾಗಿ ನೋಯುವುದು ಅದೇ ಭಾಗ. ಕಾಯಬೇಡಿ ಎನ್ನಲು ಕಾರಣವಿದೆ. ನರದ ಹೊದಿಕೆಗೆ ಮಾತ್ರ ಏಟಾಗಿದ್ದರೆ ಕೆಲವು ವಾರಗಳಿಂದ ಮೂರು ತಿಂಗಳೊಳಗೆ ತಾನಾಗಿ ಸರಿಹೋಗುವುದುಂಟು. ಒಳಗಿನ ಎಳೆಗಳೇ ಕಡಿದಿದ್ದರೆ ಅವು ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಮಾತ್ರ ಬೆಳೆಯುತ್ತವೆ. ಸೊಂಟದಿಂದ ಮಂಡಿಯ ಕೆಳಗಿನ ಸ್ನಾಯುವಿಗೆ ಎಷ್ಟು ದೂರವಿದೆಯೆಂದು ಗಣಿತದ ಮೇಡಂಗೆ ನಾನು ಲೆಕ್ಕ ಹೇಳಬೇಕಿಲ್ಲ. ಇವೆರಡರಲ್ಲಿ ನಿಮ್ಮದು ಯಾವುದು ಎಂಬುದನ್ನು ಎನ್‌ಸಿಎಸ್ ಮತ್ತು ಇಎಂಜಿ ಎಂಬ ನರ-ಸ್ನಾಯು ಪರೀಕ್ಷೆಗಳು ಬಹುಮಟ್ಟಿಗೆ ಹೇಳಬಲ್ಲವು. ಗಾಯವಾದ ಮೊದಲ ವಾರದಲ್ಲಿ ಇವುಗಳಿಂದ ಪೂರ್ಣ ಚಿತ್ರ ಸಿಗುವುದಿಲ್ಲ, ಮೂರು ವಾರವಾದರೂ ಕಳೆದಿರಬೇಕು. ನಿಮಗೆ ಆರು ವಾರ ಕಳೆದಿರುವುದರಿಂದ ಇದೇ ಸರಿಯಾದ ಸಮಯ.

ಶಿವಮೊಗ್ಗದ ಫಿಸಿಯೋ:

ಪರೀಕ್ಷೆಯ ದಿನಾಂಕ ಸಿಗುವವರೆಗೆ ಸುಮ್ಮನಿರಬೇಕಿಲ್ಲ. ಪಾದ ಕೆಳಕ್ಕೆ ಜೋತಿರುವ ಅಭ್ಯಾಸವಾದರೆ ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಬಿಗಿದುಕೊಂಡು, ನರ ಚೇತರಿಸಿಕೊಂಡ ಮೇಲೂ ಪಾದ ಏಳುವುದಿಲ್ಲ. ಮಂಚದ ಮೇಲೆ ಕಾಲು ನೀಡಿ ಕುಳಿತು, ಟವೆಲನ್ನು ಪಾದದ ಮುಂಭಾಗಕ್ಕೆ ಸುತ್ತಿ ಎರಡು ಕೈಗಳಿಂದ ನಿಧಾನವಾಗಿ ತಮ್ಮ ಕಡೆಗೆ ಎಳೆದುಕೊಂಡು ಅರ್ಧ ನಿಮಿಷ ಹಿಡಿದಿಡಿ. ದಿನಕ್ಕೆ ಮೂರು ನಾಲ್ಕು ಬಾರಿ ಮಾಡಿ. ನಡೆಯುವಾಗ ಬೆರಳು ತಡವರಿಸುತ್ತಿದ್ದರೆ ಹಿಮ್ಮಡಿ ಹಿಡಿಯುವ ಹಗುರವಾದ ಪ್ಲಾಸ್ಟಿಕ್ ಪಟ್ಟಿ ಸಿಗುತ್ತದೆ, ಅದನ್ನು ಅಳತೆ ನೋಡಿಸಿಯೇ ಕೊಳ್ಳಿ. ಸದ್ಯಕ್ಕೆ ಚಪ್ಪಲಿ ಬಿಟ್ಟು ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಹಾಕಿ. ಬಹಳ ಹೊತ್ತು ಚಕ್ಕಳಮಕ್ಕಳ ಹಾಕಿ ಕೂರಬೇಡಿ. ಅದೇ ನರ ಮಂಡಿಯ ಹೊರಬದಿಯಲ್ಲಿ ಮತ್ತೊಮ್ಮೆ ಅದುಮಿಕೊಳ್ಳುತ್ತದೆ.

ಕಲ್ಪತರುನಾಡಿನವಳು:

ಎಲ್ಲರಿಗೂ ಕೃತಜ್ಞತೆಗಳು. ಸಿಸ್ಟರ್ ಹೇಳಿದಂತೆ ಚೀಟಿ ಕೇಳಿದೆ. ಮೊದಲು ‘ಅದೆಲ್ಲ ಯಾಕೆ’ ಎಂದರು. ಬೇರೆ ವೈದ್ಯರಿಗೆ ತೋರಿಸಬೇಕು ಎಂದಾಗ ಬರೆದುಕೊಟ್ಟರು. ಡೈಕ್ಲೋಫಿನಾಕ್ 75 ಮಿಲಿಗ್ರಾಂ, 3 ಮಿಲಿ. ಜೊತೆಗೆ ವಾಂತಿ ನಿಲ್ಲಲು ಒಂದು.

ವಿದ್ಯಾರ್ಥಿ ವೈದ್ಯರು ಕೇಳದಿದ್ದರೂ ಒಂದು ಲೆಕ್ಕವನ್ನು ನಾನೇ ಒಪ್ಪಿಸುತ್ತೇನೆ. ಶಾಲೆಯ ಹಾಜರಿ ಪುಸ್ತಕ ಮತ್ತು ಔಷಧಿ ಅಂಗಡಿಯ ಬಿಲ್ಲುಗಳನ್ನು ಮುಂದಿಟ್ಟುಕೊಂಡು ಕುಳಿತೆ. ತಿಂಗಳಿಗೆ ನಾಲ್ಕೈದು ಬಾರಿ ನೋವು ಬರುತ್ತದೆ ಎಂದು ನಂಬಿದ್ದೆ. ಕಳೆದ ತಿಂಗಳು ತಲೆ ಭಾರವಾಗಿದ್ದ ದಿನಗಳನ್ನೂ ಸೇರಿಸಿದರೆ ಹದಿನೇಳು ದಿನ. ಎರ್ಗೊಟಮೈನ್ ಮತ್ತು ಕೆಫೀನ್ ಇರುವ ಮಾತ್ರೆಯನ್ನು ಹನ್ನೆರಡು ದಿನ ನುಂಗಿದ್ದೇನೆ. ಹಿಂದಿನ ಎರಡು ತಿಂಗಳ ಬಿಲ್ಲುಗಳೂ ಅದನ್ನೇ ಹೇಳುತ್ತವೆ. ಮಕ್ಕಳಿಗೆ ಸರಾಸರಿ ಕಲಿಸುವ ನಾನು ನನ್ನ ತಲೆಯ ಸರಾಸರಿಯನ್ನೇ ತಪ್ಪಿದ್ದೆ.

ರಾತ್ರಿಪಾಳಿ:

ಅಕ್ಕ, ನಿಮ್ಮ ಲೆಕ್ಕ ಓದಿ ನನ್ನದೇ ಹಳೆಯ ದಿನಚರಿ ಓದಿದಂತಾಯಿತು. ನಾನು ಬೆಂಗಳೂರಿನಲ್ಲಿ ರಾತ್ರಿ ಪಾಳಿಯ ಕೆಲಸದಲ್ಲಿದ್ದೇನೆ. ಮೂರು ವರ್ಷ ಸೈನಸ್ ಎಂದು ಎಕ್ಸ್‌ರೇ ತೆಗೆಸಿದೆ, ಆವಿ ತೆಗೆದುಕೊಂಡೆ, ಎರಡು ಬಾರಿ ಕನ್ನಡಕ ಬದಲಿಸಿದೆ. ನೋವಿನ ಮಾತ್ರೆ ಬ್ಯಾಗಿನಲ್ಲಿ, ಮೇಜಿನಲ್ಲಿ, ದಿಂಬಿನ ಕೆಳಗೆ ಇರುತ್ತಿತ್ತು. ಕೊನೆಗೆ ಒಬ್ಬ ವೈದ್ಯರು, ‘ನಿಮಗಿರುವುದು ಮೈಗ್ರೇನ್, ಅಂದರೆ ಅರೆತಲೆನೋವು, ಆದರೆ ಈಗ ಪ್ರತಿದಿನ ಬರುತ್ತಿರುವ ನೋವನ್ನು ತರುತ್ತಿರುವುದು ಈ ಮಾತ್ರೆ’ ಎಂದಾಗ ನನಗೆ ಸಿಟ್ಟು ಬಂದಿತ್ತು. ನೋವು ಇರುವುದರಿಂದ ತಾನೇ ಮಾತ್ರೆ ನುಂಗುವುದು?

ಮಾತ್ರೆ ನಿಲ್ಲಿಸಿದ ಮೇಲೆ ಮೊದಲ ವಾರ ನರಕ. ರಜೆ ಹಾಕಿ ಊರಿಗೆ ಹೋದೆ, ಅಮ್ಮ ಕೋಣೆಯ ಬಾಗಿಲಿಗೆ ಕಂಬಳಿ ಕಟ್ಟಿದರು. ಎಂಟನೆಯ ದಿನ ಬೆಳಿಗ್ಗೆ ಎದ್ದಾಗ ತಲೆ ಹಗುರವಾಗಿತ್ತು. ಅದು ಹೇಗಿರುತ್ತದೆ ಎಂಬುದೇ ನನಗೆ ಮರೆತುಹೋಗಿತ್ತು. ಈಗಲೂ ತಿಂಗಳಿಗೆ ಮೂರು ಬಾರಿ ಬರುತ್ತದೆ. ಆದರೆ ಮೂರು ಮಾತ್ರ.

ನರವಿಭಾಗದ ವಿದ್ಯಾರ್ಥಿ:

ರಾತ್ರಿಪಾಳಿಯವರು ಹೇಳಿದ ಸ್ಥಿತಿಗೆ ಖಚಿತವಾದ ಮಿತಿಗಳಿವೆ. ಪ್ಯಾರಾಸಿಟಮಾಲ್, ನ್ಯಾಪ್ರೋಕ್ಸೆನ್‌ನಂತಹ ಸರಳ ನೋವುನಿವಾರಕಗಳನ್ನು ತಿಂಗಳಿಗೆ 15 ದಿನ ಅಥವಾ ಹೆಚ್ಚು, ಎರ್ಗೊಟಮೈನ್, ಟ್ರಿಪ್ಟಾನ್ ಮತ್ತು ಹಲವು ಔಷಧಿಗಳನ್ನು ಬೆರೆಸಿದ ಮಾತ್ರೆಗಳನ್ನು 10 ದಿನ ಅಥವಾ ಹೆಚ್ಚು, ಮೂರು ತಿಂಗಳು ಮೀರಿ ಬಳಸಿದರೆ ಔಷಧಿಯೇ ತಲೆನೋವನ್ನು ತರತೊಡಗುತ್ತದೆ. ಮೇಡಂ ಅವರ ಹನ್ನೆರಡು ದಿನ ಆ ಗೆರೆಯ ಆಚೆಗಿದೆ. ತಿಂಗಳಿಗೆ 15 ದಿನಕ್ಕಿಂತ ಕಡಿಮೆಯಿಲ್ಲದಂತೆ ಮೂರು ತಿಂಗಳು ಮೀರಿ ತಲೆನೋವಿದ್ದು, ಅವುಗಳಲ್ಲಿ ಎಂಟು ದಿನವಾದರೂ ಮೈಗ್ರೇನಿನ ಲಕ್ಷಣವಿದ್ದರೆ ಅದನ್ನು ದೀರ್ಘಕಾಲಿಕ ಮೈಗ್ರೇನ್ ಎನ್ನುತ್ತಾರೆ. ನಿಮಗೆ ಅದು ಆಗಿದೆಯೇ ಎಂಬುದನ್ನು ನೋಡಿದ ವೈದ್ಯರೇ ಹೇಳಬೇಕು.

ಹಾಗಾಗಿ ನಿಮ್ಮ ಎರಡು ಪ್ರಶ್ನೆಗಳನ್ನು ನಾನು ಬೇರೆಬೇರೆ ಎಂದು ನೋಡುತ್ತಿಲ್ಲ. ಹನ್ನೊಂದು ವರ್ಷ ಯಾರೂ ನಿಮಗೆ ತಡೆ ಔಷಧಿಯನ್ನು ಕೊಡಲಿಲ್ಲ. ಬಂದ ನೋವನ್ನು ಇಳಿಸಿದರು, ಕಳುಹಿಸಿದರು. ಸೂಜಿಯ ಸರದಿ ಬಂದದ್ದು ಅದರಿಂದ.

ಮೈಗ್ರೇನ್ ಔಷಧಿಗಳು ಎರಡು ಬಗೆ. ಒಂದು, ನೋವು ಬಂದಾಗ ತೆಗೆದುಕೊಳ್ಳುವುದು. ಸುಮಾಟ್ರಿಪ್ಟಾನ್, ರೈಜಾಟ್ರಿಪ್ಟಾನ್ ಇತ್ಯಾದಿ ಟ್ರಿಪ್ಟಾನ್‌ಗಳು ಮೈಗ್ರೇನಿಗೆಂದೇ ಇರುವ ಮಾತ್ರೆಗಳು. ನೋವು ಇನ್ನೂ ಸಣ್ಣದಿರುವಾಗ ನುಂಗಬೇಕು, ಮಧ್ಯಾಹ್ನದವರೆಗೆ ಸಹಿಸಿಕೊಂಡು ಅಲ್ಲ. ಹೃದಯದ ರಕ್ತನಾಳದ ಕಾಯಿಲೆ ಇರುವವರಿಗೆ ಇವು ಸಲ್ಲವು, ಎರ್ಗೊಟಮೈನ್ ನುಂಗಿದ 24 ಗಂಟೆಯೊಳಗೂ ಸಲ್ಲವು. ಎರಡನೆಯದು, ನೋವು ಇರಲಿ ಇಲ್ಲದಿರಲಿ ದಿನವೂ ತೆಗೆದುಕೊಳ್ಳುವ ತಡೆ ಔಷಧಿ: ಪ್ರೊಪ್ರನೊಲಾಲ್, ಅಮಿಟ್ರಿಪ್ಟಿಲಿನ್, ಟೊಪಿರಮೇಟ್, ಫ್ಲುನರಿಜಿನ್ ಮುಂತಾದವು. ಇವು ಹುಟ್ಟಿದ್ದು ಬೇರೆ ಕಾಯಿಲೆಗಳಿಗೆ. ಪ್ರೊಪ್ರನೊಲಾಲ್ ಅನ್ನು 1960ರ ದಶಕದಲ್ಲಿ ಎದೆನೋವಿನ ರೋಗಿಗಳಿಗೆ ಕೊಟ್ಟಾಗ ಅವರ ಮೈಗ್ರೇನ್ ಕಡಿಮೆಯಾದದ್ದು ಆಕಸ್ಮಿಕವಾಗಿ ಕಂಡುಬಂತು. ಎಲ್ಲವೂ ಎಲ್ಲರಿಗೂ ಹೊಂದುವುದಿಲ್ಲ: ಆಸ್ತಮಾ ಇದ್ದರೆ ಪ್ರೊಪ್ರನೊಲಾಲ್ ಬೇಡ, ಮಗು ಬೇಕೆನ್ನುವ ವಯಸ್ಸಿನ ಮಹಿಳೆಯರಿಗೆ ವ್ಯಾಲ್‌ಪ್ರೊಯೇಟ್ ಬೇಡ, ಫ್ಲುನರಿಜಿನ್ ತೂಕ ಏರಿಸಿ ಮನಸ್ಸನ್ನು ಮಂಕು ಮಾಡಬಹುದು, ಟೊಪಿರಮೇಟ್‌ನಿಂದ ಪಾಠದ ಮಧ್ಯೆ ಪದ ಸಿಗದೆ ತಡಕಾಡಬೇಕಾದೀತು. ಯಾವುದನ್ನೇ ಆಗಲಿ, ಎಂಟರಿಂದ ಹನ್ನೆರಡು ವಾರ ನೋಡದೆ ‘ಕೆಲಸ ಮಾಡಲಿಲ್ಲ’ ಎನ್ನಲಾಗದು. ಹೆಚ್ಚಿನವರು ಹತ್ತನೆಯ ದಿನಕ್ಕೇ ಬಿಟ್ಟುಬಿಡುತ್ತಾರೆ.

ವೈದ್ಯರನ್ನು ಕಂಡಾಗ ಒಂದು ಮಾತನ್ನು ಕೇಳಿನೋಡಿ. ಅಮಿಟ್ರಿಪ್ಟಿಲಿನ್ ಅನ್ನು ಸಣ್ಣ ಪ್ರಮಾಣದಲ್ಲಿ ನರದ ಉರಿನೋವಿಗೂ ಕೊಡುತ್ತಾರೆ, ಮೈಗ್ರೇನ್ ತಡೆಯಲೂ ಕೊಡುತ್ತಾರೆ. ನಿಮ್ಮ ಕಾಲಿಗೂ ತಲೆಗೂ ಒಂದೇ ಮಾತ್ರೆ ಸಾಕಾಗಬಹುದು. ಬಾಯಿ ಒಣಗುವುದು, ಬೆಳಿಗ್ಗೆ ಜಡತ್ವ ಇದ್ದೇ ಇರುತ್ತವೆ. ಕಣ್ಣಿನ ಒತ್ತಡದ ಕಾಯಿಲೆ ಇದ್ದರೆ ಮೊದಲೇ ಹೇಳಬೇಕು.

ಲೀಡ್ಸ್ ಕನ್ನಡಿಗ:

ನಾನು ಹಾಸನದವನು, ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಶುಶ್ರೂಷಕನಾಗಿದ್ದೇನೆ. ಇಲ್ಲಿ ಮೈಗ್ರೇನಿಗೆ ಸೊಂಟದ ಇಂಜೆಕ್ಷನ್ ಕೇಳಿಕೊಂಡು ಬರುವವರನ್ನು ನಾನು ಕಂಡಿಲ್ಲ. 2006ರಿಂದ ಸುಮಾಟ್ರಿಪ್ಟಾನ್ 50 ಮಿಲಿಗ್ರಾಂ ಮಾತ್ರೆಯನ್ನು ಔಷಧಿ ಅಂಗಡಿಯ ತಜ್ಞರೇ ಪ್ರಶ್ನೆ ಕೇಳಿ, ವೈದ್ಯರ ಚೀಟಿಯಿಲ್ಲದೆ ಕೊಡಬಹುದು. ಹಾಗೆಂದು ಇಲ್ಲಿ ಎಲ್ಲ ಸುಗಮ ಎಂದುಕೊಳ್ಳಬೇಡಿ. ತಜ್ಞರ ಭೇಟಿಗೆ ತಿಂಗಳುಗಟ್ಟಲೆ ಕಾಯಬೇಕು.

ಇಂಜೆಕ್ಷನ್ ಬೇಕೇಬೇಕಾದಾಗ ನಾವು ಆರಿಸುವ ಜಾಗ ಸೊಂಟದ ಪಕ್ಕ. ರೋಗಿಯ ಎಡ ಸೊಂಟವಾದರೆ ನಮ್ಮ ಬಲ ಅಂಗೈಯನ್ನು ತೊಡೆ ಮೂಳೆಯ ಮೇಲ್ಭಾಗದ ಉಬ್ಬಿನ ಮೇಲಿಟ್ಟು, ತೋರುಬೆರಳನ್ನು ಸೊಂಟದ ಮೂಳೆಯ ಮುಂದಿನ ಮೊನೆಗೆ ಮುಟ್ಟಿಸಿ, ನಡುಬೆರಳನ್ನು ಹಿಂದಕ್ಕೆ ಅಗಲಿಸುತ್ತೇವೆ. ಎರಡು ಬೆರಳುಗಳ ನಡುವಿನ ತ್ರಿಕೋನದಲ್ಲಿ ಚುಚ್ಚಬೇಕು. ಅಲ್ಲಿ ದೊಡ್ಡ ನರವೂ ಇಲ್ಲ, ದೊಡ್ಡ ರಕ್ತನಾಳವೂ ಇಲ್ಲ. ತೊಡೆಯ ಹೊರಬದಿಯ ಮಧ್ಯಭಾಗವೂ ಆದೀತು. ಸೀರೆ ಉಟ್ಟವರು ಪಕ್ಕಕ್ಕೆ ಮಲಗಿದರೆ ಸಂಕೋಚವೂ ಕಡಿಮೆ.

ರಾಮನಗರ ವಾಸಿ:

ಚೀಟಿಯಲ್ಲಿ 3 ಮಿಲಿ ಎಂದು ಓದಿ ನೆನಪಾಯಿತು. ದನಗಳಿಗೆ ಕೊಟ್ಟ ಡೈಕ್ಲೋಫಿನಾಕ್ ಸತ್ತ ದನದ ಮಾಂಸದ ಮೂಲಕ ರಣಹದ್ದುಗಳ ಮೂತ್ರಪಿಂಡವನ್ನು ಹಾಳುಮಾಡುತ್ತದೆಂದು ತಿಳಿದ ಮೇಲೆ 2006ರಲ್ಲಿ ಪಶುವೈದ್ಯದಲ್ಲಿ ಅದನ್ನು ನಿಷೇಧಿಸಿದರು. ಮನುಷ್ಯರ ದೊಡ್ಡ ಸೀಸೆಗಳನ್ನೇ ದನಗಳಿಗೆ ಬಳಸುವುದು ನಿಲ್ಲಲಿಲ್ಲ; ಆದ್ದರಿಂದ 2015ರಲ್ಲಿ ಮನುಷ್ಯರ ಇಂಜೆಕ್ಷನ್ನನ್ನು 3 ಮಿಲಿಯ ಒಂಟಿ ಸೀಸೆಗೆ ಸೀಮಿತಗೊಳಿಸಿದರು. ನಮ್ಮ ರಾಮದೇವರಬೆಟ್ಟದ ರಣಹದ್ದು ಧಾಮಕ್ಕೆ ಬರುವವರಿಗೆ ಇದನ್ನು ಹೇಳುತ್ತಿರುತ್ತೇನೆ. ವಿಷಯ ಸ್ವಲ್ಪ ದೂರ ಹೋಯಿತು, ಕ್ಷಮಿಸಿ.

ಧಾರವಾಡದ ಸಿಸ್ಟರ್:

ದೂರವೇನೂ ಹೋಗಿಲ್ಲ. 3 ಮಿಲಿ ಎಂಬುದು ಸ್ನಾಯುವಿಗೆ ಸಣ್ಣ ಪ್ರಮಾಣವಲ್ಲ, ಅದಕ್ಕೇ ಅದನ್ನು ತೋಳಿಗೆ ಕೊಡದೆ ಸೊಂಟಕ್ಕೆ ಆಳವಾಗಿ ಕೊಡುತ್ತಾರೆ. ಈಗ ಅದೇ 75 ಮಿಲಿಗ್ರಾಮನ್ನು 1 ಮಿಲಿಯಲ್ಲಿ ಕೊಡುವ ಇಂಜೆಕ್ಷನ್ನೂ ಸಿಗುತ್ತದೆ. ಇನ್ನೊಂದು ಮಾತನ್ನು ಓದುವ ಎಲ್ಲರಿಗಾಗಿ ಹೇಳುತ್ತೇನೆ. ಈ ಇಂಜೆಕ್ಷನ್ ಕೊಟ್ಟ ಕೂಡಲೇ ಅಸಾಧ್ಯ ನೋವಾಗಿ, ಚರ್ಮ ಮೊದಲು ಬಿಳಿಚಿಕೊಂಡು ಆಮೇಲೆ ಬಲೆಯ ಹಾಗೆ ನೇರಳೆ ಬಣ್ಣಕ್ಕೆ ತಿರುಗಿದರೆ ಅದು ನಿಕೊಲಾವ್ ಸಿಂಡ್ರೋಮ್ ಇರಬಹುದು. ಅಪರೂಪ, ಆದರೆ ಅಲ್ಲಿನ ಚರ್ಮ, ಸ್ನಾಯು ಸತ್ತುಹೋಗುತ್ತವೆ. ಅದಕ್ಕೆ ಮನೆಗೆ ಹೋಗಿ ಮಲಗುವುದಲ್ಲ, ದೊಡ್ಡಾಸ್ಪತ್ರೆಗೆ ಹೋಗುವುದು.

ಕಲ್ಪತರುನಾಡಿನವಳು:

ಈಗ ಪ್ರಶ್ನೆ, ಎಲ್ಲಿಗೆ ಹೋಗುವುದು? ತುಮಕೂರೇ, ಬೆಂಗಳೂರೇ? ಬರೀ ತಲೆನೋವಿಗೆಂದು ನಿಮ್ಹಾನ್ಸ್‌ಗೆ ಹೋದರೆ ಊರಿನಲ್ಲಿ ಏನೆನ್ನುತ್ತಾರೋ ಎಂದು ನಮ್ಮತ್ತೆಗೆ ಚಿಂತೆ.

ನರವಿಭಾಗದ ವಿದ್ಯಾರ್ಥಿ:

ಅತ್ತೆಯವರಿಗೆ ಹೀಗೆ ಹೇಳಿ: ನಿಮ್ಹಾನ್ಸ್ ತಜ್ಞರು ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ 18ರಿಂದ 65 ವಯಸ್ಸಿನ 2,329 ಮಂದಿಯನ್ನು ಮನೆಗೆ ಹೋಗಿ ಮಾತನಾಡಿಸಿದ ಸಮೀಕ್ಷೆಯೊಂದು 2015ರಲ್ಲಿ ಪ್ರಕಟವಾಯಿತು, ಅದರ ಪ್ರಕಾರ ವರ್ಷವೊಂದರಲ್ಲಿ ಶೇ. 25.2ರಷ್ಟು ಮಂದಿಗೆ ಮೈಗ್ರೇನ್ ಇತ್ತು. ನಾಲ್ವರಲ್ಲಿ ಒಬ್ಬರು. ಊರಿನವರಲ್ಲಿಯೂ ನಾಲ್ಕನೆಯವರು ಇದ್ದೇ ಇರುತ್ತಾರೆ.

ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ ಸೇರಿ 2022ರಲ್ಲಿ ಕರ್ನಾಟಕ ಮೆದುಳು ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿದವು. ಕೋಲಾರ, ಚಿಕ್ಕಬಳ್ಳಾಪುರ ಮತ್ತು ಬೆಂಗಳೂರಿನ ಜಯನಗರದ ಆಸ್ಪತ್ರೆಗಳಲ್ಲಿ ಮೊದಲು ತೊಡಗಿ ಆಮೇಲೆ ಇತರ ಜಿಲ್ಲೆಗಳಿಗೂ ಅದು ಹಬ್ಬಿತು. ಪಾರ್ಶ್ವವಾಯು, ಮೂರ್ಛೆರೋಗ, ಮರೆವಿನ ಕಾಯಿಲೆಗಳ ಜೊತೆಗೆ ತಲೆನೋವನ್ನೂ ಅದರಲ್ಲಿ ಸೇರಿಸಿದ್ದಾರೆ. ಆದ್ದರಿಂದ ಮೊದಲು ತುಮಕೂರಿನ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ನರದ ಪರೀಕ್ಷೆ ಅಲ್ಲಿ ಆಗದಿದ್ದರೆ ಪತ್ರ ಬರೆಸಿಕೊಂಡು ಬೆಂಗಳೂರಿಗೆ ಬನ್ನಿ.

ಹೋಗುವಾಗ ನಿಮ್ಮ ಹದಿನೇಳು ದಿನಗಳ ಪಟ್ಟಿಯನ್ನು ತಪ್ಪದೆ ಒಯ್ಯಿರಿ. ಹೊರರೋಗಿ ವಿಭಾಗದಲ್ಲಿ ಒಬ್ಬರಿಗೆ ಕೆಲವೇ ನಿಮಿಷ ಸಿಗುತ್ತದೆ. ಒಂದು ಹಾಳೆಯ ಪಟ್ಟಿ ಹತ್ತು ನಿಮಿಷದ ಮಾತನ್ನು ಉಳಿಸುತ್ತದೆ. ಸ್ಕ್ಯಾನ್ ಮಾಡಿಸಲೇಬೇಕೆಂದು ಹಟ ಹಿಡಿಯಬೇಡಿ. ಸಿಡಿಲು ಬಡಿದಂತೆ ಒಮ್ಮೆಲೇ ಬಂದ ನೋವು, ಜ್ವರದೊಂದಿಗೆ ಕತ್ತು ಬಿಗಿತ, ಕೈಕಾಲು ಸೋಲುವುದು, ಐವತ್ತು ದಾಟಿದ ಮೇಲೆ ಹೊಸದಾಗಿ ಆರಂಭವಾದ ನೋವು, ಕೆಮ್ಮಿದರೆ ಅಥವಾ ಬಗ್ಗಿದರೆ ಮಾತ್ರ ಬರುವ ನೋವು, ಇಂತಹವಕ್ಕೆ ಸ್ಕ್ಯಾನ್ ತುರ್ತು. ಹನ್ನೊಂದು ವರ್ಷಗಳಿಂದ ಒಂದೇ ರೀತಿಯಲ್ಲಿ ಬರುತ್ತಿರುವುದಕ್ಕೆ ಸಾಮಾನ್ಯವಾಗಿ ಬೇಕಿಲ್ಲ.

ಹಳೆಮೈಸೂರು:

ಶಾಖದ ವಿಷಯ ನನಗೆ ತಿಳಿದಿರಲಿಲ್ಲ. ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಆದರೆ ಆ ಕ್ಲಿನಿಕ್ಕನ್ನು ಹಾಗೆಯೇ ಬಿಡುವುದೇ? ದೂರು ಕೊಡಬೇಡವೇ?

ಧಾರವಾಡದ ಸಿಸ್ಟರ್:

ಅದು ಮೇಡಂ ನಿರ್ಧರಿಸಬೇಕಾದ ವಿಷಯ. ಮೊದಲು ಕಾಲು, ಆಮೇಲೆ ದೂರು. ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು 2002ರ ವೈದ್ಯಕೀಯ ನೀತಿ ನಿಯಮಗಳಲ್ಲಿದೆ. ಪರೀಕ್ಷೆಯ ವರದಿ ಕೈಗೆ ಬಂದ ಮೇಲೆ ಯಾವ ದಾರಿಯೂ ಮುಚ್ಚಿರುವುದಿಲ್ಲ.

ಕಲ್ಪತರುನಾಡಿನವಳು (ನಾಲ್ಕು ವಾರಗಳ ನಂತರ):

ಪರೀಕ್ಷೆ ಆಯಿತು. ಪೆರೋನಿಯಲ್ ಭಾಗದಲ್ಲಿ ಹಾನಿಯಾಗಿದೆ, ಆದರೆ ಭಾಗಶಃ. ಎಳೆಗಳು ಪೂರ್ತಿ ಕಡಿದಿಲ್ಲ, ಸ್ನಾಯುವಿನಲ್ಲಿ ಚೇತರಿಕೆಯ ಗುರುತು ಕಾಣುತ್ತಿದೆ ಎಂದರು. ಪರೀಕ್ಷೆಯೇನೂ ಹಿತವಾಗಿರಲಿಲ್ಲ: ಸೂಜಿಗೆ ಹೆದರಿ ಹೋದವಳ ಕಾಲಿಗೆ ಮತ್ತೆ ಸೂಜಿ. ಏನು ಮಾಡುತ್ತಿದ್ದೇವೆ ಎಂದು ಪ್ರತಿ ಬಾರಿ ಮುಂಚೆಯೇ ಹೇಳಿ ಚುಚ್ಚಿದರು. ಅಷ್ಟಕ್ಕೇ ಅರ್ಧ ಭಯ ಹೋಯಿತು.

ರಾತ್ರಿ ಅಮಿಟ್ರಿಪ್ಟಿಲಿನ್ 10 ಮಿಲಿಗ್ರಾಂ ಬರೆದಿದ್ದಾರೆ. ಹಳೆಯ ಮಾತ್ರೆಯನ್ನು ಸಂಪೂರ್ಣ ನಿಲ್ಲಿಸಿದೆ. ರಾತ್ರಿಪಾಳಿಯವರು ಹೇಳಿದ ನರಕ ನನಗೆ ಐದು ದಿನ ಇತ್ತು, ದಸರಾ ರಜೆಯಲ್ಲಿ ಮುಗಿಸಿಕೊಂಡೆ. ಈಗ ಕಾಲಿನ ರಾತ್ರಿಯ ಉರಿ ಅರ್ಧಕ್ಕಿಳಿದಿದೆ, ಹೊದಿಕೆ ಹೊದೆಯಬಲ್ಲೆ. ಬೆಳಿಗ್ಗೆ ಮೊದಲ ಪೀರಿಯಡ್‌ನಲ್ಲಿ ಮಾತ್ರ ನಾನೇ ಹಿಂದಿನ ಬೆಂಚಿನ ವಿದ್ಯಾರ್ಥಿನಿಯಂತಿರುತ್ತೇನೆ.

ಶನಿವಾರ ತಲೆಸ್ನಾನ ಮಾಡಿದ ದಿನವೂ ಏಕಾದಶಿಯ ಮರುದಿನವೂ ನೋವು ತಪ್ಪದೆ ಬರುವುದು ಪಟ್ಟಿ ಬರೆದ ಮೇಲೆ ಕಣ್ಣಿಗೆ ಬಿತ್ತು. ಇದು ನನ್ನ ಭ್ರಮೆಯೇ?

ನರವಿಭಾಗದ ವಿದ್ಯಾರ್ಥಿ:

ಭ್ರಮೆಯಲ್ಲ. ತಲೆಸ್ನಾನದಿಂದ ಮೈಗ್ರೇನ್ ಕೆರಳುವುದನ್ನು ಮುಂಬೈನ ತಲೆನೋವು ತಜ್ಞ ಕೆ. ರವಿಶಂಕರ್ ಅವರು 94 ಭಾರತೀಯ ರೋಗಿಗಳಲ್ಲಿ ಗಮನಿಸಿ 2006ರಲ್ಲಿ ಪ್ರಕಟಿಸಿದ್ದಾರೆ. ಉದ್ದ ಕೂದಲನ್ನು ಒದ್ದೆಯಾಗಿ ಬಿಡದೆ ಬೇಗ ಒಣಗಿಸಿ ನೋಡಿ. ಉಪವಾಸವಂತೂ ಎಲ್ಲ ದೇಶಗಳಲ್ಲೂ ಒಪ್ಪಿದ ಕಾರಣ. ಏಕಾದಶಿಯನ್ನು ಬಿಡಿ ಎಂದು ನಾನು ಹೇಳಲಾರೆ, ಹಾಲು, ಹಣ್ಣು, ಅವಲಕ್ಕಿಗೆ ಅವಕಾಶವಿದೆಯೇ ಎಂದು ಅತ್ತೆಯವರನ್ನು ಕೇಳಿ. ಜಡತ್ವಕ್ಕೆ, ಮಾತ್ರೆಯನ್ನು ಮಲಗುವಾಗಿನ ಬದಲು ಎರಡು ಗಂಟೆ ಮೊದಲು ತೆಗೆದುಕೊಳ್ಳಬಹುದೇ ಎಂದು ನಿಮ್ಮ ವೈದ್ಯರಲ್ಲಿ ವಿಚಾರಿಸಿ.

ಕಲ್ಪತರುನಾಡಿನವಳು (ಮತ್ತೆರಡು ತಿಂಗಳ ನಂತರ):

ಈ ತಿಂಗಳು ತಲೆನೋವಿನ ದಿನಗಳು ಆರು. ನಾಲ್ಕು ದಿನ ಸುಮಾಟ್ರಿಪ್ಟಾನ್ ತೆಗೆದುಕೊಂಡೆ. ಮೂರು ಬಾರಿ ಎರಡು ಗಂಟೆಯೊಳಗೆ ನೋವು ನಿಂತಿತು, ಒಮ್ಮೆ ತಡಮಾಡಿದ್ದರಿಂದ ನಿಲ್ಲಲಿಲ್ಲ. ಇಂಜೆಕ್ಷನ್ ಒಂದೂ ಇಲ್ಲ. ಪಾದದ ಮೇಲೆ ನಾಣ್ಯದಷ್ಟು ಜಾಗ ಇನ್ನೂ ಮಂದವಾಗಿದೆ. ಚಪ್ಪಲಿ ನಿಲ್ಲುತ್ತಿದೆ.

ಗದಗಿನಿಂದ:

ನಡುವೆ ಬಂದದ್ದಕ್ಕೆ ಕ್ಷಮಿಸಿ. ನನಗೂ ಹನ್ನೆರಡು ದಿನಗಳ ಹಿಂದೆ ಬೆನ್ನುನೋವಿಗೆ ಇದೇ ಇಂಜೆಕ್ಷನ್ ಕೊಟ್ಟಿದ್ದರು. ಚುಚ್ಚಿದ ಜಾಗದಲ್ಲಿ ನಿಂಬೆಹಣ್ಣಿನಷ್ಟು ಗಂಟಾಗಿದೆ, ಮುಟ್ಟಿದರೆ ಬಿಸಿಯಾಗಿದೆ, ಕೆಂಪಾಗಿದೆ. ನಿನ್ನೆಯಿಂದ ಚಳಿಜ್ವರ. ನನಗೆ ಸಕ್ಕರೆ ಕಾಯಿಲೆಯೂ ಇದೆ. ಪಕ್ಕದ ಮನೆಯವರು ಬಿಸಿ ಉಪ್ಪಿನ ಗಂಟು ಕಟ್ಟಿ ಶಾಖ ಕೊಡಲು ಹೇಳಿದ್ದಾರೆ. ಎಷ್ಟು ದಿನ ಕೊಡಬೇಕು?

ಧಾರವಾಡದ ಸಿಸ್ಟರ್:

ಒಂದು ದಿನವೂ ಬೇಡ. ಅಲ್ಲಿ ಕೀವಾಗಿರುವ ಸಾಧ್ಯತೆ ಹೆಚ್ಚು. ಶಾಖ ಕೊಡಬೇಡಿ, ಹಿಸುಕಬೇಡಿ, ಅದೇ ಕ್ಲಿನಿಕ್ಕಿನಲ್ಲಿ ಮತ್ತೊಂದು ಇಂಜೆಕ್ಷನ್ ಹಾಕಿಸಿಕೊಳ್ಳಬೇಡಿ. ಜಿಲ್ಲಾಸ್ಪತ್ರೆಯ ತುರ್ತು ವಿಭಾಗದಲ್ಲಿ ಶಸ್ತ್ರಚಿಕಿತ್ಸಕರಿಗೆ ತೋರಿಸಬೇಕು, ಸಕ್ಕರೆ ಕಾಯಿಲೆ ಇರುವುದನ್ನು ಮೊದಲ ಮಾತಿನಲ್ಲೇ ಹೇಳಬೇಕು. ನಾಳೆ ಎನ್ನಬೇಡಿ. ಜೊತೆಗೆ ಯಾರಿದ್ದಾರೆ?

ಗದಗಿನಿಂದ:

ಮಗ ಇದ್ದಾನೆ. ಗಾಡಿ ತೆಗೆಯುತ್ತಿದ್ದಾನೆ, ಈಗಲೇ ಹೊರಟೆವು.